ತರಬೇತಿಗೆ ಮುನ್ನ ರೋಗಿಗಳ ಸಂಘಟನೆಗಳನ್ನು ಕೇಳುವುದು ಹೇಗೆ?

ಚಿಕ್ಕಬಳ್ಳಾಪುರ ಜಿಲ್ಲೆಯ ಆಸ್ಪತ್ರೆ ಸಿಬ್ಬಂದಿಗೆ ತರಬೇತಿ ರೂಪಿಸುವ ಕೆಲಸ ತಮ್ಮ ಪಾಲಿಗೆ ಬಂದಿದೆ, ರೋಗಿಗಳ ಸಂಘಟನೆಗಳ ಆದ್ಯತೆಗಳನ್ನು ತಿಳಿಯಲು ಪ್ರಶ್ನಾವಳಿ ಕಳುಹಿಸಿದರೆ ಸಾಕೇ ಎಂದು ತಾವು ಕೇಳಿದ್ದೀರಿ. ನನ್ನ ತಂದೆಯವರು ನಾಲ್ಕು ವರ್ಷ ಡಯಾಲಿಸಿಸ್‌ನಲ್ಲಿದ್ದರು. ಆಗ ಪರಿಚಯವಾದ ಕುಟುಂಬಗಳೊಂದಿಗೆ ಇಂದಿಗೂ ಒಡನಾಟವಿದೆ. ಆ ಅನುಭವದಿಂದ ಹೇಳುವುದಾದರೆ, ಸಾಲದು. ‘ನಿಮ್ಮ ಆದ್ಯತೆಗಳೇನು’ ಎಂದು ಕೇಳಿದರೆ ಎಲ್ಲರೂ ‘ಉತ್ತಮ ಚಿಕಿತ್ಸೆ, ಸಿಬ್ಬಂದಿಯ ಸೌಜನ್ಯ’ ಎಂದೇ ಬರೆದು ಕಳುಹಿಸುತ್ತಾರೆ. ಅದರಿಂದ ಒಂದು ಪಾಠವೂ ಹುಟ್ಟುವುದಿಲ್ಲ.

ಕಳೆದ ಸಲ ಆಸ್ಪತ್ರೆಗೆ ಹೋದ ದಿನ, ಮನೆ ಬಿಟ್ಟಾಗಿನಿಂದ ಮರಳುವವರೆಗೆ ಏನೇನಾಯಿತು ಎಂದು ಕೇಳಿ, ನಡುವೆ ಬಾಯಿ ಹಾಕದೆ ಬರೆದುಕೊಳ್ಳಿ. ಒಮ್ಮೆ ಜ್ವರವೆಂದು ತಂದೆಯವರನ್ನು ಬೇರೊಂದು ಆಸ್ಪತ್ರೆಗೆ ಕರೆದೊಯ್ದಾಗ, ರಕ್ತ ತೆಗೆಯಲು ಬಂದವರು ಫಿಸ್ಟುಲಾ ಇದ್ದ ಎಡಗೈಗೇ ರಬ್ಬರ್ ಪಟ್ಟಿ ಬಿಗಿದರು. ಡಯಾಲಿಸಿಸ್‌ಗೆಂದು ಅಪಧಮನಿಯನ್ನೂ ಅಭಿಧಮನಿಯನ್ನೂ ಶಸ್ತ್ರಚಿಕಿತ್ಸೆ ಮಾಡಿ ಜೋಡಿಸಿದ ಕೈ ಅದು. ಅಲ್ಲಿ ರಕ್ತದೊತ್ತಡ ನೋಡಬಾರದು, ಪರೀಕ್ಷೆಗೆ ರಕ್ತ ತೆಗೆಯಬಾರದು, ಹರಿವು ನಿಂತು ರಕ್ತ ಹೆಪ್ಪುಗಟ್ಟಿದರೆ ಆ ದಾರಿಯೇ ಮುಚ್ಚಿಹೋಗಬಹುದು. ತಂದೆಯವರು ಕೈ ಎಳೆದುಕೊಂಡರೆ, ‘ಹೆದರ್ಕೋಬೇಡಿ ತಾತ, ನೋವಾಗಲ್ಲ’ ಎಂಬ ಸಮಾಧಾನ ಬೇರೆ. ಸೌಜನ್ಯಕ್ಕೇನೂ ಕೊರತೆಯಿರಲಿಲ್ಲ, ನೋಡಿ. ಡಯಾಲಿಸಿಸ್ ಘಟಕದವರಿಗೆ ಗೊತ್ತಿರುವ ಈ ವಿಷಯ ತುರ್ತು ವಿಭಾಗದವರಿಗೂ ಪ್ರಯೋಗಾಲಯದವರಿಗೂ ತಲುಪಿಲ್ಲವೆಂಬುದು ಇಂತಹ ಕಥೆಯಿಂದಲೇ ತಿಳಿಯುವುದು. ಹಿಮೋಫಿಲಿಯಾ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ, ಇರುವ ಮಕ್ಕಳ ತಾಯಂದಿರನ್ನು ಕೇಳಿದರೂ ಇಂಥದ್ದೇ ಸಿಗುತ್ತದೆ: ಮಾಂಸಖಂಡಕ್ಕೆ ಇಂಜೆಕ್ಷನ್ ಕೊಡಬಾರದು, ತಲೆಗೆ ಪೆಟ್ಟಾದರೆ ಸ್ಕ್ಯಾನಿಂಗ್‌ಗೆ ಕಾಯದೆ ಮೊದಲು ಫ್ಯಾಕ್ಟರ್ (ರಕ್ತ ಹೆಪ್ಪುಗಟ್ಟಲು ನೆರವಾಗುವ ಔಷಧ) ಕೊಡಬೇಕು.

ಆದರೆ ಫ್ಯಾಕ್ಟರ್ ದಾಸ್ತಾನೇ ಇಲ್ಲದ ಕಡೆ ತರಬೇತಿ ಕೊಟ್ಟು ಪ್ರಯೋಜನವೇನು? ಆದ್ದರಿಂದ ಬರೆದುಕೊಂಡದ್ದರಲ್ಲಿ ಕಲಿಸಿದರೆ ಸರಿಹೋಗುವುದನ್ನೂ, ಆದೇಶ ಅಥವಾ ಹಣ ಬಂದರೆ ಮಾತ್ರ ಸರಿಹೋಗುವುದನ್ನೂ ಬೇರ್ಪಡಿಸಿ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಡತನ ರೇಖೆಗಿಂತ ಕೆಳಗಿನವರಿಗೆ ಡಯಾಲಿಸಿಸ್ ಅನ್ನು ಉಚಿತವಾಗಿಸಿತು. ಆದರೆ ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ ಜೊತೆಯಲ್ಲಿ ಕೂರುವ ಮಗನ ಕೂಲಿಯೂ ಬಸ್ ಖರ್ಚೂ ಮನೆಯ ಮೇಲೆಯೇ ಬೀಳುತ್ತವೆ. ಇದು ನೀತಿಯ ಮಾತು. ಅದೇ ವರ್ಷದ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹಿಮೋಫಿಲಿಯಾವೂ, ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆಯಾದ ಥಲಸ್ಸೇಮಿಯಾವೂ ಸೇರಿವೆಯೆಂದು ಅರ್ಜಿ ಸ್ವೀಕರಿಸುವ ಸಿಬ್ಬಂದಿಗೆ ತಿಳಿಸುವುದು ತರಬೇತಿಯ ಮಾತು. ಇವೆರಡನ್ನೂ ಕಲಸಿದರೆ ಕೊನೆಗೆ ಎಲ್ಲ ತಪ್ಪೂ ನರ್ಸ್‌ಗಳ ತಲೆಗೆ ಕಟ್ಟಲ್ಪಡುತ್ತದೆ.

ಯಾರನ್ನು ಕೇಳುತ್ತೀರಿ ಎಂಬುದರ ಬಗ್ಗೆಯೂ ಎಚ್ಚರವಿರಲಿ. ಸಂಘಟನೆಗೆ ಔಷಧ ಕಂಪನಿಯ ಹಣ ಬರುತ್ತಿದೆಯೇ ಎಂದು ಸಂಕೋಚವಿಲ್ಲದೆ ವಿಚಾರಿಸಿ. ಬಂದರೆ ಮಾತನ್ನು ತಳ್ಳಿಹಾಕಬೇಕಿಲ್ಲ, ಟಿಪ್ಪಣಿಯಲ್ಲಿ ನಮೂದಿಸಿದರೆ ಸಾಕು. ಸಂಘವೇ ಇಲ್ಲದ ರೋಗಿಗಳೂ ಇದ್ದಾರೆ. ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಕೀಲು ಬಿಗಿದ ಬಾಗೇಪಲ್ಲಿ ಕಡೆಯ ಹಿರಿಯರು ತಮ್ಮನ್ನು ರೋಗಿಗಳೆಂದೇ ತಿಳಿದಿರುವುದಿಲ್ಲ, ವಯಸ್ಸಾಯಿತು ಎಂದುಕೊಂಡಿರುತ್ತಾರೆ. ಅವರ ಬಳಿಗೆ ಆಶಾ ಕಾರ್ಯಕರ್ತೆಯೊಂದಿಗೆ ಹೋಗಬೇಕು, ತೆಲುಗು ಬಲ್ಲವರನ್ನೂ ಕರೆದೊಯ್ಯಬೇಕು. ಶಿಡ್ಲಘಟ್ಟದಲ್ಲಿ ಸಭೆ ಇಟ್ಟುಕೊಂಡರೆ ರೇಷ್ಮೆ ಹುಳು ಹಣ್ಣಾಗಿ, ಗೂಡು ಕಟ್ಟಲೆಂದು ಚಂದ್ರಂಕಿಗೆ ಬಿಡುವ ದಿನ ಯಾರೂ ಬರುವುದಿಲ್ಲ. ದಿನಾಂಕವನ್ನು ಅವರೇ ಹೇಳಲಿ.

ಕರಡು ಸಿದ್ಧವಾದ ಮೇಲೆ ಅದನ್ನು ಅದೇ ಜನರ ಮುಂದೆ ಓದಿ ಹೇಳಿ. ಹಿಂದೊಮ್ಮೆ ನಮ್ಮನ್ನು ಕರೆದವರು ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು, ಬಿಸ್ಕತ್ತು, ಟೀ ಕೊಟ್ಟು ಕಳುಹಿಸಿದರು. ವರದಿಯನ್ನು ನಾವು ಕಣ್ಣಿನಿಂದಲೂ ನೋಡಲಿಲ್ಲ. ಸಾಧ್ಯವಾದರೆ ತರಬೇತಿಯ ಒಂದು ಅವಧಿಯನ್ನು ಒಪ್ಪುವ ರೋಗಿಯೊಬ್ಬರಿಗೇ ಬಿಟ್ಟುಕೊಟ್ಟು, ಉಳಿದ ಉಪನ್ಯಾಸಕರಿಗೆ ಕೊಡುವಷ್ಟೇ ಗೌರವಧನ ಕೊಡಿ. ಫಿಸ್ಟುಲಾ ಕೈಯ ಮೇಲೆ ಹಗುರವಾಗಿ ಬೆರಳಿಟ್ಟರೆ ಒಳಗೆ ರಕ್ತ ಜುಮ್ಮೆಂದು ಹರಿಯುವುದು ತಿಳಿಯುತ್ತದೆ. ಅದನ್ನು ಪ್ರತಿಯೊಬ್ಬ ಸಿಬ್ಬಂದಿಯೂ ಒಮ್ಮೆ ಮುಟ್ಟಿ ನೋಡಲಿ.