ಕಡಲಹುಲ್ಲಿನ ತೊಟ್ಟಿಗೆ ಒಂದೇ ಸಂಜೆ ಸಿಹಿನೀರು ಸುರಿಯಬೇಡಿ

ಆವಿಯಾದ ನೀರಿನ ಬದಲಿಗೆ ಉಪ್ಪುನೀರನ್ನೇ ತುಂಬುತ್ತ ಬಂದು ತೊಟ್ಟಿಯ ಲವಣಾಂಶ 42 ಪಿಪಿಟಿಗೆ (ಸಾವಿರ ಭಾಗ ನೀರಿನಲ್ಲಿ 42 ಭಾಗ ಉಪ್ಪು) ಏರಿದೆ, ಇಂದು ಸಂಜೆಯೇ ಆರ್‌ಓ ನೀರು ಹಾಕಿ 35ಕ್ಕೆ ಇಳಿಸುತ್ತೇನೆ ಎಂದು ಬರೆದಿದ್ದೀರಿ. ದಯವಿಟ್ಟು ಆ ಬಕೆಟ್ಟನ್ನು ಕೆಳಗಿಡಿ. ಥಲಾಸಿಯಾ ಎಂಬ ಕಡಲಹುಲ್ಲು ಬೆಳೆಸುತ್ತಿದ್ದಾಗ ನಾನೂ 41 ಇದ್ದುದನ್ನು ಒಂದು ತಾಸಿನಲ್ಲಿ 33ಕ್ಕೆ ತಂದು, ಎಲ್ಲವೂ ಸರಿಹೋಯಿತೆಂದು ನೆಮ್ಮದಿಯಿಂದ ಮಲಗಿದ್ದೆ. ಮೂರನೆಯ ದಿನ ಎಲೆಯ ತುದಿಗಳು ಗಾಜಿನಂತಾದವು. ವಾರದೊಳಗೆ ಹಳೆಯ ಎಲೆಗಳು ಬುಡದಿಂದಲೇ ಕಳಚಿಕೊಂಡವು. ಬೆಳಕು ಸಾಲದೆಂದು ಭಾವಿಸಿ ದೀಪದ ಅವಧಿ ಹೆಚ್ಚಿಸಿದ ನಾನು ಪಾಚಿಯನ್ನೂ ಬರಮಾಡಿಕೊಂಡೆ.

ಉಪ್ಪು ಏರಿದಷ್ಟೂ ಗಿಡ ಸುಮ್ಮನೆ ಕುಳಿತಿರುವುದಿಲ್ಲ. ಸೋಡಿಯಂ ಮತ್ತು ಕ್ಲೋರೈಡನ್ನು ಕೋಶದೊಳಗಿನ ರಸದ ಚೀಲದಲ್ಲಿ (ವ್ಯಾಕ್ಯುವೋಲ್) ಕೂಡಿಹಾಕಿ, ಅದಕ್ಕೆ ಸರಿದೂಗುವಂತೆ ಕೋಶದ್ರವ್ಯದಲ್ಲಿ ಪ್ರೋಲೀನ್ ಎಂಬ ಅಮೈನೋ ಆಮ್ಲ, ಸಕ್ಕರೆ ಮೊದಲಾದವನ್ನು ಸಂಗ್ರಹಿಸಿ, ಹೊರಗಿನ ನೀರು ತನ್ನನ್ನು ಹಿಂಡದಂತೆ ನೋಡಿಕೊಳ್ಳುತ್ತದೆ. ಈ ಸಿದ್ಧತೆಗೆ ದಿನಗಳೇ ಬೇಕು, ಅದನ್ನು ಬಿಚ್ಚುವುದಕ್ಕೂ ದಿನಗಳೇ ಬೇಕು. ನೀವು ಒಮ್ಮೆಗೇ ಇಳಿಸಿದರೆ ಒಳಗಿನ ಸಾಂದ್ರತೆ ಹಾಗೆಯೇ ಉಳಿದು, ನೀರು ಕೋಶಗಳಿಗೆ ನುಗ್ಗಿ ಅವು ಉಬ್ಬುತ್ತವೆ, ಪೊರೆಗಳು ಸೋರತೊಡಗುತ್ತವೆ. ಪತ್ರರಂಧ್ರಗಳೇ ಇಲ್ಲದ, ತೆಳು ಹೊರಪೊರೆಯ ಈ ಎಲೆಗಳಿಗೆ ಬೇರೆ ತಡೆಯಿಲ್ಲ.

ಆದ್ದರಿಂದ ದಿನಕ್ಕೆ 1 ಪಿಪಿಟಿಗಿಂತ ಹೆಚ್ಚು ಇಳಿಸಬೇಡಿ. ಸಣ್ಣ ಕೊಳವೆಗೆ ಗಂಟು ಹಾಕಿ ಸಿಹಿನೀರನ್ನು ಪಂಪಿನ ಹರಿವಿನ ಎದುರು ಹನಿಹನಿಯಾಗಿ ಬಿಡುವುದು ನನಗೆ ಒಗ್ಗಿದ ಕ್ರಮ; ಗಿಡದ ಮೇಲೆಯೇ ಬೀಳುವಂತೆ ಬಿಟ್ಟರೆ ಪ್ರಯೋಜನವಿಲ್ಲ. ತೊಟ್ಟಿಯಲ್ಲಿ ಮೀನು ಅಥವಾ ಹವಳವಿದ್ದರೆ ಅವುಗಳ ಮಿತಿಯನ್ನೂ ಗಮನಿಸಬೇಕು.

ಅದಕ್ಕೂ ಮೊದಲು, 42 ಎಂಬ ಅಂಕಿಯೇ ನಿಜವೇ ಎಂದು ನೋಡಿ. ಅಡುಗೆ ಉಪ್ಪಿನ ದ್ರಾವಣಕ್ಕೆಂದು ಗುರುತು ಹಾಕಿದ ರಿಫ್ರಾಕ್ಟೋಮೀಟರ್ (ಬೆಳಕು ಬಾಗುವುದನ್ನು ನೋಡಿ ಉಪ್ಪನ್ನು ಅಳೆಯುವ ಸಾಧನ) 35ರ ಸಮುದ್ರನೀರನ್ನು ಸುಮಾರು 36.5 ಎಂದು ತೋರಿಸುತ್ತದೆ. ಬಟ್ಟಿ ಇಳಿಸಿದ ನೀರಿನಲ್ಲಿ ಸೊನ್ನೆಗೆ ಹೊಂದಿಸಿದ್ದೇನೆ ಎಂದರೆ ಸಾಲದು, 35ರ ಪ್ರಮಾಣದ್ರಾವಣದಲ್ಲೇ ಪರೀಕ್ಷಿಸಬೇಕು. ನೀರಿನ ಸಾಂದ್ರತೆಯಿಂದ ಉಪ್ಪನ್ನು ಅಂದಾಜಿಸುವ, ಮುಳ್ಳು ತೂಗಾಡುವ ಪ್ಲಾಸ್ಟಿಕ್ ಹೈಡ್ರೋಮೀಟರನ್ನಂತೂ ನಂಬಲೇಬೇಡಿ. ಉಪ್ಪಿನ ವಿಷಯದಲ್ಲಿ, ಹವಳಕ್ಕೆಂದು ಮಾರುವ ದುಬಾರಿ ಮಿಶ್ರಣ ಕಡಲಹುಲ್ಲಿಗೆ ಅನಗತ್ಯ. ಇನ್‌ಸ್ಟಂಟ್ ಓಷನ್‌ನಂಥ ಸಾದಾ ಮಿಶ್ರಣವೇ ಸಾಕೆಂಬುದು ನನ್ನ ಅಭಿಪ್ರಾಯ.

ಈ ಲೆಕ್ಕ ಕಡಲಹುಲ್ಲಿನ ಎಲ್ಲ ಜಾತಿಗಳಿಗೂ ಒಂದೇ ಅಲ್ಲ. ಜೋಸ್ಟೆರಾ ಮರೀನಾ ಬಾಲ್ಟಿಕ್ ಸಮುದ್ರದ 5–6ರ ನೀರಿನಲ್ಲೂ ಬೆಳೆಯುತ್ತದೆ, ರುಪ್ಪಿಯಾ ಇನ್ನೂ ಗಟ್ಟಿ. ಮೆಡಿಟರೇನಿಯನ್‌ನ ಪೊಸಿಡೋನಿಯಾ ಓಷಿಯಾನಿಕಾ ಮಾತ್ರ ಸ್ವಲ್ಪ ಏರಿಕೆಗೂ ನಲುಗುತ್ತದೆ. 1930ರ ದಶಕದಲ್ಲಿ ಕಡಲಹುಲ್ಲನ್ನು ನಾಶಮಾಡಿದ ರೋಗದಲ್ಲಿ ಅಟ್ಲಾಂಟಿಕ್‌ನ ಜೋಸ್ಟೆರಾ ಕಡಿಮೆ ಉಪ್ಪಿನ ಅಳಿವೆಗಳಲ್ಲಿ ಉಳಿದುಕೊಂಡಿತೆಂಬುದು ನಿಜ, ಆದರೆ ಅದನ್ನು ನೆಪ ಮಾಡಿಕೊಂಡು ಗಿಡಗಳನ್ನು ಸಿಹಿನೀರಿನಲ್ಲಿ ಅದ್ದುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇಳಿಸುವ ದಿನಗಳಲ್ಲಿ ನೀರು ಬಿಸಿಯಾಗದಂತೆ ನೋಡಿಕೊಳ್ಳಿ, ಗೊಬ್ಬರ ಹಾಕಬೇಡಿ, ಮರಳನ್ನು ಕೆದಕಬೇಡಿ. ಉಪ್ಪಿನ ಒತ್ತಡದಲ್ಲಿ ದ್ಯುತಿಸಂಶ್ಲೇಷಣೆ ಕುಗ್ಗಿ ಬೇರಿಗೆ ಹೋಗುವ ಆಮ್ಲಜನಕ ಕಡಿಮೆಯಾಗುವುದರಿಂದ, ಮರಳಿನ ವಿಷಕಾರಿ ಸಲ್ಫೈಡ್ ಬೇರಿನೊಳಗೆ ನುಗ್ಗಲು ಅದೇ ಸಮಯ. ಎಲೆಗಳೆಲ್ಲ ಉದುರಿದರೂ ರೈಜೋಮ್ (ಮರಳಿನೊಳಗೆ ಹರಡುವ ಕಾಂಡ) ಬೆಳ್ಳಗೆ ಗಟ್ಟಿಯಾಗಿದ್ದರೆ ಕಿತ್ತೆಸೆಯಬೇಡಿ. ನನ್ನ ಥಲಾಸಿಯಾದ ಒಂದು ತುಂಡು ಏಳು ವಾರಗಳ ನಂತರ ಚಿಗುರಿತು.