‘ಜೀವನಪೂರ್ತಿ ಬಾಳುವ ಹಲ್ಲು’ ಲೇಖನದ ಕುರಿತು

ಪ್ರಿಯ ಲೇಖಕರೇ,

ದಂತ ಇಂಪ್ಲಾಂಟ್‌ಗಳ (ದವಡೆಯ ಮೂಳೆಯಲ್ಲಿ ಕೂರಿಸುವ ಕೃತಕ ಬೇರು) ಕ್ರೌನ್ (ಮೇಲೆ ಕಾಣುವ ಹಲ್ಲಿನ ಭಾಗ) ಮತ್ತು ಅಬಟ್‌ಮೆಂಟ್‌ಗಳ (ಇವೆರಡನ್ನೂ ಜೋಡಿಸುವ ನಡುವಿನ ತುಂಡು) ಬಾಳಿಕೆಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುವ ಬಗೆ ಕುರಿತ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದೆ. ಭಾಷೆ ತಿಳಿಯಾಗಿದೆ, ವಿಷಯವೂ ಬರೆಯಲೇಬೇಕಾದದ್ದು. ಆದರೂ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆವು.

‘ಐವತ್ತು ಲಕ್ಷ ಬಾರಿ ಒತ್ತಿದರೂ ಮುರಿಯಲಿಲ್ಲವಾದ್ದರಿಂದ ಈ ಹಲ್ಲು ಜೀವನಪೂರ್ತಿ ಬಾಳುತ್ತದೆ’ ಎಂಬ ಒಂದೇ ವಾಕ್ಯದ ಮೇಲೆ ನಿಮ್ಮ ಇಡೀ ಲೇಖನ ನಿಂತಿದೆ. ಅದರ ಮೊದಲರ್ಧ ಅಳತೆ, ಉಳಿದರ್ಧ ಊಹೆ. ನೀವು ಆಧಾರವಾಗಿಟ್ಟುಕೊಂಡಿರುವ ಐಎಸ್‌ಒ 14801 (ಇಂಪ್ಲಾಂಟನ್ನು ಮತ್ತೆ ಮತ್ತೆ ಒತ್ತಿ ಪರೀಕ್ಷಿಸುವ ಬಗೆಯನ್ನು ಹೇಳುವ ಅಂತರರಾಷ್ಟ್ರೀಯ ಮಾನದಂಡ) ಎಂಬುದೇ, ಈ ಪರೀಕ್ಷೆಯಿಂದ ಬಾಯಿಯೊಳಗಿನ ಬಾಳಿಕೆಯನ್ನು ಮುನ್ಸೂಚಿಸಲು ಬರುವುದಿಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ. ವಿನ್ಯಾಸಗಳನ್ನು ಒಂದೇ ಕಠಿಣ ಸ್ಥಿತಿಯಲ್ಲಿಟ್ಟು ಹೋಲಿಸುವುದಕ್ಕೆ ಅದು ಉಪಯುಕ್ತ. ಇಂಪ್ಲಾಂಟ್ ಹಾಕಿಸಿಕೊಳ್ಳಲು ಯೋಚಿಸುತ್ತಿರುವ ಓದುಗರು ಇಂಥ ವಾಕ್ಯವನ್ನು ಭರವಸೆಯೆಂದೇ ನಂಬುತ್ತಾರೆ. ಹಾಗಾಗಿ ಇದನ್ನು ಸಣ್ಣ ಲೋಪವೆಂದು ಬಿಟ್ಟುಬಿಡಲಾಗದು.

ಪರೀಕ್ಷೆ ಹೇಗೆ ನಡೆಯುತ್ತದೆ ಎಂಬುದನ್ನೇ ನೀವು ಒಂದು ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ, ಆದರೆ ಸ್ವಾರಸ್ಯವೆಲ್ಲ ಇರುವುದು ಅಲ್ಲಿಯೇ. ಇಂಪ್ಲಾಂಟನ್ನು ನೆಟ್ಟಗೆ ನಿಲ್ಲಿಸದೆ ಭಾರದ ದಿಕ್ಕಿಗೆ 30 ಡಿಗ್ರಿ ಓರೆಯಾಗಿ ಹಿಡಿಯುತ್ತಾರೆ. ಸುತ್ತಲಿನ ಮೂಳೆ ಕಾಲಕ್ರಮೇಣ ಕರಗಿ ತಗ್ಗಿರುವ ಸ್ಥಿತಿಯನ್ನು ತೋರಿಸಲು, ಮೂಳೆಯ ಮಟ್ಟವೆಂದು ಗುರುತಿಸಿದ ಜಾಗಕ್ಕಿಂತ 3 ಮಿಲಿಮೀಟರ್ ಕೆಳಗಿನಿಂದ ಮಾತ್ರ ಆಧಾರ ಕೊಡುತ್ತಾರೆ. ಭಾರ ಬೀಳುವ ಬಿಂದುವು ಆ ಆಧಾರದಿಂದ 11 ಮಿಲಿಮೀಟರ್ ದೂರದಲ್ಲಿರುತ್ತದೆ. ಓರೆಯಿಂದಾಗಿ ಬಾಗಿಸುವ ತೋಳಿನ ಉದ್ದ 5.5 ಮಿಲಿಮೀಟರ್ ಆಗುತ್ತದೆ. ಅಂದರೆ 200 ನ್ಯೂಟನ್ ಬಲ ಹಾಕಿದಾಗ ಆಧಾರದ ಬಳಿ 1,100 ನ್ಯೂಟನ್-ಮಿಲಿಮೀಟರ್ ಬಾಗುಬಲ ಹುಟ್ಟುತ್ತದೆ. ಈ ಒಂದು ಲೆಕ್ಕವನ್ನು ಚಿತ್ರದೊಡನೆ ಕೊಟ್ಟರೆ, ಬಿರುಕು ಏಕೆ ಸಾಮಾನ್ಯವಾಗಿ ಅಬಟ್‌ಮೆಂಟನ್ನು ಇಂಪ್ಲಾಂಟಿಗೆ ಬಿಗಿಯುವ ಸ್ಕ್ರೂವಿನಲ್ಲೋ ಇಂಪ್ಲಾಂಟಿನ ಕತ್ತಿನಲ್ಲೋ ಕಾಣಿಸಿಕೊಳ್ಳುತ್ತದೆ ಎಂಬುದು ಓದುಗರಿಗೆ ತಾನಾಗಿ ಹೊಳೆಯುತ್ತದೆ.

ಐವತ್ತು ಲಕ್ಷ ಎಂಬುದು ಒಣ ಗಾಳಿಯಲ್ಲಿ ನಡೆಸುವ ಪರೀಕ್ಷೆಯ ಸಂಖ್ಯೆ; ಅಲ್ಲಿ ಸೆಕೆಂಡಿಗೆ 15 ಆವರ್ತನಗಳವರೆಗೆ ಅವಕಾಶವಿರುವುದರಿಂದ ನಾಲ್ಕು ದಿನದೊಳಗೆ ಕೆಲಸ ಮುಗಿಯಬಹುದು. 37 ಡಿಗ್ರಿ ಸೆಲ್ಸಿಯಸ್‌ನ ಲವಣದ್ರಾವಣದಲ್ಲಿ ನಡೆಸುವಾಗ ವೇಗ ಸೆಕೆಂಡಿಗೆ 2ನ್ನು ಮೀರುವಂತಿಲ್ಲ, ಸಂಖ್ಯೆಯೂ ಇಪ್ಪತ್ತು ಲಕ್ಷಕ್ಕೆ ಇಳಿಯುತ್ತದೆ. ಆದರೂ ಹನ್ನೊಂದು ದಿನಕ್ಕೂ ಹೆಚ್ಚು ಹಿಡಿಯುತ್ತದೆ. ನೀವು ಎರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಿದ್ದೀರಿ. ಒಂದೇ ಸಲಕ್ಕೆ ಮುರಿಯುವವರೆಗೆ ಏರಿಸಿದ ಭಾರವನ್ನೂ ಆ ಪಟ್ಟಿಗೇ ಸೇರಿಸಿರುವುದು ಇನ್ನೂ ಹೆಚ್ಚಿನ ಗೊಂದಲ, ಏಕೆಂದರೆ ಲೋಹವು ಒಮ್ಮೆ ತಡೆದುಕೊಂಡ ಭಾರಕ್ಕಿಂತ ಎಷ್ಟೋ ಕಡಿಮೆ ಭಾರವೂ ಲಕ್ಷಾಂತರ ಬಾರಿ ಮರುಕಳಿಸಿದರೆ ಅದನ್ನು ಮುರಿಯಬಲ್ಲದು.

ಇನ್ನು ಕ್ರೌನ್ ವಿಚಾರ. ಈ ಮಾನದಂಡದ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಕ್ರೌನ್ ಇರಬೇಕಾದ ಜಾಗದಲ್ಲಿ ಅರ್ಧಗೋಲಾಕಾರದ ಟೋಪಿಯೊಂದನ್ನು ಕೂರಿಸಿ ಅದರ ಮೇಲೆ ಒತ್ತುತ್ತಾರೆ. ಹಾಗಿರುವಾಗ ಆ ಫಲಿತಾಂಶದಿಂದ ಪಿಂಗಾಣಿಯ ಚಕ್ಕೆ ಏಳುವುದಿಲ್ಲವೆಂದು ನೀವು ಹೇಗೆ ತೀರ್ಮಾನಿಸಿದಿರಿ? ಅದನ್ನು ತಿಳಿಯಲು ಅಗಿಯುವ ಚಲನೆಯನ್ನು ಅನುಕರಿಸುವ ಯಂತ್ರಗಳಿವೆ. ಅವುಗಳಲ್ಲಿ ಸಾಮಾನ್ಯವಾಗಿ 5 ಮತ್ತು 55 ಡಿಗ್ರಿಯ ನೀರನ್ನು ಅದಲುಬದಲಾಗಿ ಹಾಯಿಸುತ್ತ ಒತ್ತುತ್ತಾರೆ. ಕ್ರೌನ್‌ಗೆ ಬಳಸುವ ಗಟ್ಟಿ ಪಿಂಗಾಣಿಯಂಥ ವಸ್ತುವಾದ ಜಿರ್ಕೋನಿಯಾ ಕುರಿತ ‘ಜಿರ್ಕೋನಿಯಾ ಹಳತಾಗುವುದಿಲ್ಲ’ ಎಂಬ ಮಾತನ್ನೂ ತೆಗೆದುಹಾಕಿ. ತೇವಾಂಶವಿದ್ದಲ್ಲಿ ಅದರ ಸ್ಫಟಿಕರಚನೆ ಮೇಲ್ಮೈಯಿಂದ ಒಳಮುಖವಾಗಿ ನಿಧಾನವಾಗಿ ಬದಲಾಗುತ್ತದೆ, ಅದಕ್ಕಾಗಿಯೇ ಮಾದರಿಗಳನ್ನು 134 ಡಿಗ್ರಿಯ ಹಬೆಯಲ್ಲಿಟ್ಟು ಪರೀಕ್ಷಿಸುವ ಪದ್ಧತಿ ಬಂದಿದೆ.

ಸ್ಕ್ರೂ ಸಡಿಲವಾಗುವುದರ ಬಗ್ಗೆ ಒಂದು ಪ್ಯಾರಾವಾದರೂ ಬೇಕು. ಏನೂ ಮುರಿಯದಿದ್ದರೂ ಬಿಗಿತ ಕಡಿಮೆಯಾಗಿರಬಹುದು, ಆದ್ದರಿಂದ ಪರೀಕ್ಷೆಯ ನಂತರ ಬಿಚ್ಚಲು ಬೇಕಾದ ತಿರುಚುಬಲವನ್ನು ಅಳೆಯುತ್ತಾರೆ.

ಪ್ರತಿ ಅಂಕಿಯ ಪಕ್ಕದಲ್ಲಿ ಇಂಪ್ಲಾಂಟಿನ ವ್ಯಾಸ, ಒಣ ಅಥವಾ ಒದ್ದೆ ಸ್ಥಿತಿ, ಆವರ್ತನ ವೇಗ ಮತ್ತು ಮುರಿದ ಭಾಗ ಇಷ್ಟನ್ನು ನಮೂದಿಸಿ, ಶೀರ್ಷಿಕೆಯನ್ನು ಬದಲಿಸಿ ಮತ್ತೆ ಕಳಿಸಿ. ಬಂದ ಕೂಡಲೇ ಓದುತ್ತೇನೆ.

ಇತಿ,
ಸಂಪಾದಕ