ಭತ್ತದ ಸಕ್ಕರೆ ಬಾಗಿಲು

ಪ್ರಶ್ನೆ: ಏಣೆಲು ಬೆಳೆಯ ಎಂಒ4 ಭತ್ತದ ಎಲೆಗಳು ತುದಿಯಿಂದ ಅಂಚಿನುದ್ದಕ್ಕೂ ಒಣಹುಲ್ಲಿನ ಬಣ್ಣಕ್ಕೆ ತಿರುಗಿವೆ. ದುಂಡಾಣು ಅಂಗಮಾರಿ ಎನ್ನುತ್ತಾರೆ. ಗಿಡದ 'ಸಕ್ಕರೆ ಬಾಗಿಲು' ತಿದ್ದಿ ಇದನ್ನು ತಡೆಯಬಹುದಂತೆ. ಹೇಗೆ? ಬಾಗಿಲನ್ನೇ ತೆಗೆದುಹಾಕಿದರೆ ಆಗದೇ?
– ಓದುಗರು, ಬ್ರಹ್ಮಾವರ

ಉತ್ತರ: ಮೊದಲು ರೋಗ ಅದೇ ಹೌದೋ ನೋಡಿಕೊಳ್ಳಿ. ಹಸಿರು, ಹಳದಿ ಸೇರುವಲ್ಲಿ ಎಲೆ ಕತ್ತರಿಸಿ, ಆ ತುದಿಯನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಡಿ. ಕೆಲವೇ ನಿಮಿಷಗಳಲ್ಲಿ ಹಾಲಿನಂಥ ಎಳೆ ಇಳಿದರೆ ದುಂಡಾಣುವೇ. ಇಳಿಯದಿದ್ದರೆ ಪೊಟ್ಯಾಷ್ ಕೊರತೆಯನ್ನೂ ಪರೀಕ್ಷಿಸಿ. ರೋಗ ಖಚಿತವಾದರೆ ಯೂರಿಯಾ ನಿಲ್ಲಿಸಿ, ನೀರು ಬಸಿಯಿರಿ. ಆ ನೀರು ಪಕ್ಕದ ಗದ್ದೆಗೆ ಹೋಗಬಾರದು.

ಇನ್ನು ಬಾಗಿಲಿನ ವಿಷಯ. ಎಲೆಯಲ್ಲಿ ತಯಾರಾದ ಸುಕ್ರೋಸ್ ಜೀವಕೋಶದಿಂದ ಹೊರಬರುವುದು 'ಸ್ವೀಟ್' ಎಂಬ ಪ್ರೋಟೀನುಗಳ ಮೂಲಕ; ಇವೇ ಆ ಬಾಗಿಲುಗಳು. ಇವು ಪತ್ತೆಯಾದದ್ದು 2010ರಲ್ಲಿ. ಹೊರಬಂದ ಸಕ್ಕರೆಯನ್ನು ಬೇರೆ ಪ್ರೋಟೀನುಗಳು ಶಕ್ತಿ ವ್ಯಯಿಸಿ ಗಿಡದ ಆಹಾರ ಸಾಗಿಸುವ ಫ್ಲೋಯಮ್ ನಾಳಕ್ಕೆ ತುಂಬುತ್ತವೆ. ಅದರ ಹಿಂದೆಯೇ ನೀರೂ ನುಗ್ಗಿ, ಆ ಒತ್ತಡಕ್ಕೆ ಸಕ್ಕರೆ ತೆನೆಯತ್ತ ಹರಿಯುತ್ತದೆ. ಅಂಗಮಾರಿಯ ದುಂಡಾಣು ತನ್ನ ಪ್ರೋಟೀನೊಂದನ್ನು ಭತ್ತದ ಕೋಶದೊಳಕ್ಕೆ ಚುಚ್ಚುತ್ತದೆ. ಅದು ಸ್ವೀಟ್ ಜೀನಿನ ಮುಂಭಾಗದ ನಿಯಂತ್ರಣ ಭಾಗಕ್ಕೆ ಅಂಟಿ, ಬೇಡದಲ್ಲಿಯೂ ಬಾಗಿಲುಗಳನ್ನು ತಯಾರಿಸುತ್ತದೆ. ಸೋರಿದ ಸಕ್ಕರೆ ರೋಗಾಣುವಿನ ಊಟ.

ಬಾಗಿಲನ್ನೇ ತೆಗೆದರೆ ನಷ್ಟ ನಿಮ್ಮದೇ: ಸ್ವೀಟ್‌ಗಳಲ್ಲೊಂದಾದ ಸ್ವೀಟ್11 ಇಲ್ಲದ ಭತ್ತದಲ್ಲಿ ಕಾಳು ಸರಿಯಾಗಿ ತುಂಬುವುದಿಲ್ಲ. ಆದ್ದರಿಂದ ಡಿಎನ್‌ಎ ತಿದ್ದುವ ತಂತ್ರವಾದ ಕ್ರಿಸ್ಪರ್‌ನಿಂದ ತಿದ್ದುವುದು ಜೀನನ್ನಲ್ಲ, ನಿಯಂತ್ರಣ ಭಾಗದಲ್ಲಿ ರೋಗಾಣುವಿನ ಪ್ರೋಟೀನು ಅಂಟುವ ಆ ಕೆಲವೇ ಡಿಎನ್‌ಎ ಅಕ್ಷರಗಳನ್ನು. ಒಂದೇ ಕಡೆ ತಿದ್ದಿದರೆ ಸಾಲದು. ರೋಗಾಣುವಿನ ಬೇರೆ ಬೇರೆ ತಳಿಗಳು ಸ್ವೀಟ್11, 13, 14ರಲ್ಲಿ ಯಾವುದನ್ನಾದರೂ ತೆರೆಸಬಲ್ಲವು. 2019ರಲ್ಲಿ ಮೂರನ್ನೂ ತಿದ್ದಿದ ಐಆರ್64 ಭತ್ತ ವ್ಯಾಪಕ ನಿರೋಧ ತೋರಿಸಿತು.

ಪ್ರಶ್ನೆ: ಇದಕ್ಕೆ ಕ್ರಿಸ್ಪರ್ರೇ ಬೇಕೇ? ಸಂಕರಣದಿಂದ ಆಗದೇ?
– ವಿದ್ಯಾರ್ಥಿ, ಮಂಗಳೂರು

ಉತ್ತರ: ಆಗುತ್ತದೆ. ಸ್ವೀಟ್11ರ ನಿಯಂತ್ರಣ ಭಾಗ ಸಹಜವಾಗಿಯೇ ಬದಲಾದ ರೂಪಕ್ಕೆ ಎಕ್ಸ್‌ಎ13 ಎಂದು ಹೆಸರು. ಸುಧಾರಿತ ಸಾಂಬಾ ಮಸೂರಿ ತಳಿಯಲ್ಲಿ ಇದು ಎಕ್ಸ್‌ಎ5, ಎಕ್ಸ್‌ಎ21 ಎಂಬ ಬೇರೆ ರೋಗನಿರೋಧಕ ಜೀನುಗಳ ಜೊತೆಗಿದೆ. ಆದರೆ ಅದು ಸಣ್ಣ ಬಿಳಿ ಅಕ್ಕಿ; ಕರಾವಳಿಯ ಊಟಕ್ಕೆ ಬೇಕಾದ ಕೆಂಪು ಕುಚ್ಚಲಕ್ಕಿಯ ಗುಣ ಉಳಿಯಬೇಕಾದರೆ ಹುಟ್ಟಿದ ಗಿಡಗಳನ್ನು ಎಂಒ4ಗೇ ಮತ್ತೆ ಮತ್ತೆ ಮರುಸಂಕರಣ ಮಾಡಬೇಕು. ಇಲ್ಲಿ ಎಡವುವವರು ಹೆಚ್ಚು: ತಂದೆ, ತಾಯಿ ಗಿಡಗಳಿಂದ ಬಂದ ಜೀನಿನ ಎರಡೂ ಪ್ರತಿಗಳಲ್ಲಿದ್ದರೆ ಮಾತ್ರ ಎಕ್ಸ್‌ಎ13 ಕೆಲಸ ಮಾಡುವುದು. ಹಾಗಾಗಿ ಅದೊಂದನ್ನೇ ದಾಟಿಸುವಾಗ ಮೊದಲ ಪೀಳಿಗೆ ರೋಗಕ್ಕೆ ತುತ್ತಾಗಬಲ್ಲದು. ಕಿತ್ತೆಸೆಯಬೇಡಿ. ಪ್ರತಿ ಪೀಳಿಗೆಯಲ್ಲೂ ಜೀನು ಇದೆಯೇ ಎಂದು ತೋರಿಸುವ ಡಿಎನ್‌ಎ ಮಾರ್ಕರ್‌ನಿಂದ ಗಿಡ ಆರಿಸಿ, ಕೊನೆಗೆ ಸ್ವಪರಾಗಸ್ಪರ್ಶದಿಂದ ಎರಡೂ ಪ್ರತಿಗಳುಳ್ಳ ಗಿಡ ಪಡೆಯಿರಿ.